ಒಂದು ಲೀಟರ್ ಡೀಸೆಲ್ ಎಲ್ಲಿ ಹೋಗುತ್ತದೆ?
ಪಿಕಪ್ ವಾಹನದ ಇಂಧನ ಮಿತವ್ಯಯ

ಕುಂದಾಪುರ ತಾಲ್ಲೂಕಿನ ಶಂಕರನಾರಾಯಣದಿಂದ ಒಂದು ದಾರಿ ಹಾಲಾಡಿಯ ಕಡೆಗೆ ಹೋಗಿ ಕರಾವಳಿಯ ರಾಷ್ಟ್ರೀಯ ಹೆದ್ದಾರಿಯನ್ನು ಮುಟ್ಟುತ್ತದೆ. ಇನ್ನೊಂದು ಸಿದ್ದಾಪುರ, ಹೊಸಂಗಡಿಗಳನ್ನು ದಾಟಿ ಬಾಳೆಬರೆ ಘಾಟಿಯನ್ನು ಹತ್ತಿ ಮಲೆನಾಡಿಗೆ ಸೇರುತ್ತದೆ. ಅಡಿಕೆ, ತೆಂಗಿನಕಾಯಿ, ರಬ್ಬರ್ ಶೀಟು, ಕೆಂಪುಕಲ್ಲುಗಳನ್ನು ಹೊತ್ತು ಪಿಕಪ್ ವಾಹನಗಳು ಈ ದಾರಿಗಳಲ್ಲಿ ದಿನವೂ ಓಡುತ್ತವೆ. ಗಂಗೊಳ್ಳಿ ಬಂದರಿನ ಮೀನು ಘಟ್ಟದ ಮೇಲಿನ ಪೇಟೆಗಳಿಗೆ ಏರುವುದೂ ಇಂಥ ಗಾಡಿಗಳಲ್ಲಿಯೇ.

‘ನಿಮ್ಮ ಗಾಡಿ ಲೀಟರಿಗೆ ಎಷ್ಟು ಕೊಡುತ್ತದೆ?’ ಎಂದು ಇಬ್ಬರು ಚಾಲಕರನ್ನು ಕೇಳಿದರೆ ಒಬ್ಬರು 15 ಕಿ.ಮೀ. ಎನ್ನಬಹುದು, ಇನ್ನೊಬ್ಬರು 10 ಎನ್ನಬಹುದು. ಗಾಡಿ ಒಂದೇ ಕಂಪನಿಯದು, ಎಂಜಿನ್ ಒಂದೇ ಬಗೆಯದು. ಆದರೂ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಇದು ಹೇಗೆ ಸಾಧ್ಯ?

ವಿದ್ಯಾರ್ಥಿಗಳೇ, ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಸಾಲ ಮಾಡಿ ಗಾಡಿ ಕೊಂಡು ತಾವೇ ಓಡಿಸುವ ಕುಟುಂಬಗಳು ನಮ್ಮಲ್ಲಿ ಅನೇಕ. ಬಾಡಿಗೆ ಮೊದಲೇ ನಿಗದಿಯಾಗಿರುತ್ತದೆ. ಅದರಲ್ಲಿ ಡೀಸೆಲ್ಲಿಗೆ ಹೋಗಿ ಉಳಿದದ್ದೇ ಸಾಲದ ಕಂತು, ಮಕ್ಕಳ ಫೀಸು, ಮನೆಯ ಖರ್ಚು. ನೀವು ಶಾಲೆಯಲ್ಲಿ ಕಲಿತ ಭೌತಶಾಸ್ತ್ರ ಈ ಲೆಕ್ಕದಲ್ಲಿ ಹೇಗೆ ನೆರವಾಗುತ್ತದೆ ಎಂಬುದನ್ನು ಈಗ ನೋಡೋಣ.

ಹತ್ತು ಯೂನಿಟ್ಟಿನಲ್ಲಿ ಮೂರು

ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 36 ಮೆಗಾಜೌಲ್ ಶಕ್ತಿಯಿದೆ. ನಿಮ್ಮ ಮನೆಯ ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ ಇದು 10 ಯೂನಿಟ್. ಆದರೆ ಇದೆಲ್ಲವೂ ಚಕ್ರವನ್ನು ತಲುಪುವುದಿಲ್ಲ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ಪರೀಕ್ಷೆಗೊಡ್ಡಿದ ಎಂಜಿನ್ನಿನ ದಕ್ಷತೆ ಶೇ. 26ರಷ್ಟಿತ್ತು. ಅಂದಿನ ಹಬೆಯಂತ್ರಗಳ ಮುಂದೆ ಅದೊಂದು ದೊಡ್ಡ ಸಾಧನೆ. ಇಂದಿನ ಎಂಜಿನ್ನುಗಳು ಅದಕ್ಕಿಂತ ಎಷ್ಟೋ ಸುಧಾರಿಸಿವೆ. ಆದರೂ ಸಾಮಾನ್ಯ ಓಡಾಟದಲ್ಲಿ ಚಕ್ರಕ್ಕೆ ತಲುಪುವುದು ಸುಮಾರು ಶೇ. 30 ಎಂದು ಇಟ್ಟುಕೊಳ್ಳಬಹುದು. ಉಳಿದದ್ದು ರೇಡಿಯೇಟರಿನಿಂದ, ಹೊಗೆ ಕೊಳವೆಯಿಂದ ಶಾಖವಾಗಿ ಹೊರಬೀಳುತ್ತದೆ. ಒಂದಿಷ್ಟು ಎಂಜಿನ್ನಿನ ಒಳಗಿನ ಘರ್ಷಣೆಯಲ್ಲಿ ಕಳೆದುಹೋಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಡೀಸೆಲ್ ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಮಾತ್ರೆ ಮುಂತಾದವುಗಳನ್ನು ‘ಇಂಧನ ಪೂರ್ತಿ ಉರಿಯುತ್ತದೆ’ ಎಂದು ಹೇಳಿ ಮಾರುವವರಿದ್ದಾರೆ. ಸುಸ್ಥಿತಿಯಲ್ಲಿರುವ ಎಂಜಿನ್ನಿನಲ್ಲಿ ಇಂಧನ ಹೆಚ್ಚುಕಡಿಮೆ ಪೂರ್ತಿಯಾಗಿಯೇ ಉರಿಯುತ್ತದೆ. ಕಳೆದುಹೋಗುವುದು ಉರಿಯದ ಇಂಧನವಲ್ಲ, ಉರಿದ ಮೇಲಿನ ಶಾಖ. ಆದ್ದರಿಂದ ಇಂಥ ವಸ್ತುಗಳಿಂದ ಹೆಚ್ಚಿನ ಲಾಭ ನಿರೀಕ್ಷಿಸುವಂತಿಲ್ಲ.

ಹಾಗಾದರೆ ಉಳಿತಾಯ ಎಲ್ಲಿದೆ? ಚಕ್ರಕ್ಕೆ ತಲುಪಿದ ಆ ಮೂರು ಯೂನಿಟ್ಟನ್ನು ದಾರಿ ಹೇಗೆ ತಿನ್ನುತ್ತದೆ ಎಂಬುದರಲ್ಲಿದೆ. ಲೆಕ್ಕಕ್ಕಾಗಿ 1,700 ಕಿಲೋ ತೂಕದ ಗಾಡಿಯೊಂದು 1,300 ಕಿಲೋ ಸರಕು ಹೊತ್ತಿದೆ, ಅಂದರೆ ಒಟ್ಟು 3 ಟನ್ ಇದೆ ಎಂದುಕೊಳ್ಳೋಣ.

ಹೆದ್ದಾರಿಯಲ್ಲಿ ಎದುರಾಳಿ ಗಾಳಿ

ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡುವ ಗಾಡಿಯನ್ನು ಎರಡು ಬಲಗಳು ತಡೆಯುತ್ತವೆ. ಮೊದಲನೆಯದು ಟೈರಿನ ಉರುಳು ಘರ್ಷಣೆ. ನಮ್ಮ 3 ಟನ್ ಗಾಡಿಗೆ ಇದು ಸುಮಾರು 350 ನ್ಯೂಟನ್. ವೇಗ ಹೆಚ್ಚಿದರೂ ಇದು ಬಹಳ ಬದಲಾಗುವುದಿಲ್ಲ. ಎರಡನೆಯದು ಗಾಳಿಯ ಪ್ರತಿರೋಧ. ಇದು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸುಮಾರು 250 ನ್ಯೂಟನ್ ಇದ್ದದ್ದು 80ರಲ್ಲಿ 440ನ್ನು ದಾಟುತ್ತದೆ.

ಎರಡನ್ನೂ ಕೂಡಿಸಿ ಲೆಕ್ಕ ಹಾಕಿದರೆ 60ರ ವೇಗದಲ್ಲಿ ಕಿಲೋಮೀಟರಿಗೆ ಸುಮಾರು 56 ಮಿಲಿಲೀಟರ್, 80ರ ವೇಗದಲ್ಲಿ ಸುಮಾರು 74 ಮಿಲಿಲೀಟರ್ ಡೀಸೆಲ್ ಬೇಕು. ಕುಂದಾಪುರದಿಂದ ಉಡುಪಿಗೆ 40 ಕಿ.ಮೀ. ಎಂದು ಹಿಡಿದರೆ 80ರಲ್ಲಿ ಓಡಿಸಿದವರು 10 ನಿಮಿಷ ಮೊದಲು ತಲುಪುತ್ತಾರೆ. ಆ 10 ನಿಮಿಷಕ್ಕಾಗಿ ಅವರು ಸುಮಾರು ಮುಕ್ಕಾಲು ಲೀಟರ್ ಡೀಸೆಲ್ ಹೆಚ್ಚಾಗಿ ಸುಟ್ಟಿರುತ್ತಾರೆ. 1978ರಲ್ಲಿ ಸ್ಥಾಪನೆಯಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ 45ರಿಂದ 55 ಕಿ.ಮೀ. ವೇಗವನ್ನು ಶಿಫಾರಸು ಮಾಡುತ್ತ ಬಂದಿರುವುದರ ಹಿಂದಿನ ಕಾರಣ ಇದೇ.

ಗಾಳಿಗೆ ವೇಗವಷ್ಟೇ ಅಲ್ಲ, ಆಕಾರವೂ ಮುಖ್ಯ. ಸರಿಯಾಗಿ ಕಟ್ಟದೆ ಪಟಪಟನೆ ಹೊಡೆದುಕೊಳ್ಳುವ ಟರ್ಪಾಲು, ಕ್ಯಾಬಿನ್ನಿಗಿಂತ ಎತ್ತರಕ್ಕೆ ಪೇರಿಸಿದ ಹೊರೆ, ಇವೆಲ್ಲ ಗಾಳಿಗೆ ಅಡ್ಡ ಹಿಡಿದ ಕೊಡೆಯಂತೆ. ಟರ್ಪಾಲನ್ನು ಬಿಗಿದು ಕಟ್ಟುವುದಕ್ಕೆ ಖರ್ಚೇನೂ ಇಲ್ಲ.

ಘಟ್ಟದಲ್ಲಿ ಎದುರಾಳಿ ತೂಕ

ಈಗ ಬಾಳೆಬರೆಯ ಕಡೆಗೆ ತಿರುಗೋಣ. ಘಾಟಿಯಲ್ಲಿ ಗಾಡಿಯ ವೇಗವೇ ಕಡಿಮೆ, ಆದ್ದರಿಂದ ಗಾಳಿಯ ಪಾತ್ರ ಅಷ್ಟಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ತೂಕ ಮತ್ತು ಎತ್ತರ. ತೂಕವನ್ನು ಎತ್ತರದಿಂದಲೂ ಗುರುತ್ವದಿಂದಲೂ ಗುಣಿಸಿದರೆ ಪ್ರಚ್ಛನ್ನ ಶಕ್ತಿ ಸಿಗುತ್ತದೆ ಎಂಬುದನ್ನು ನೀವು ಕಲಿತಿದ್ದೀರಿ. 3 ಟನ್ ಗಾಡಿ 500 ಮೀಟರ್ ಎತ್ತರ ಏರಲು 14.7 ಮೆಗಾಜೌಲ್, ಅಂದರೆ ಸುಮಾರು 4 ಯೂನಿಟ್ ಬೇಕು.

ಇದನ್ನು ಅರಿಯಲು ಹೊಸಂಗಡಿಯ ವಾರಾಹಿ ಭೂಗರ್ಭ ವಿದ್ಯುದಾಗಾರಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಘಟ್ಟದ ಮೇಲಿಂದ ಧುಮುಕುವ ನೀರು ಅಲ್ಲಿ 115 ಮೆಗಾವಾಟಿನ ನಾಲ್ಕು ಯಂತ್ರಗಳನ್ನು ತಿರುಗಿಸುತ್ತದೆ. 3 ಟನ್ ನೀರು 500 ಮೀಟರ್ ಕೆಳಗೆ ಬಿದ್ದರೆ ಅದರಿಂದ ದೊರೆಯಬಹುದಾದ ಶಕ್ತಿಯೂ 4 ಯೂನಿಟ್ಟೇ. ನೀರು ಇಳಿಯುತ್ತ ಕೊಡುವುದನ್ನು ನಮ್ಮ ಗಾಡಿ ಏರುತ್ತ ತೆರಬೇಕು. ಲೀಟರಿಗೆ ಮೂರು ಯೂನಿಟ್ಟಿನಂತೆ, ಏರುವುದಕ್ಕೆಂದೇ ಸುಮಾರು 1.36 ಲೀಟರ್ ಡೀಸೆಲ್ ಬೇಕಾಗುತ್ತದೆ. ಟೈರಿನ ಘರ್ಷಣೆಯ ಖರ್ಚು ಬೇರೆ.

ಇದರಲ್ಲಿ ಪ್ರತಿ 100 ಕಿಲೋ ತೂಕದ ಪಾಲು 45 ಮಿಲಿಲೀಟರ್. ಗಾಡಿಯ ಹಿಂದೆ ಸುಮ್ಮನೆ ಬಿದ್ದಿರುವ ಮರದ ತುಂಡುಗಳು, ಹಳೆಯ ಸರಪಳಿ, ನೀರು ಕುಡಿದ ಟರ್ಪಾಲು, ಮೂಲೆಯಲ್ಲಿ ಕುಳಿತ ಮರಳು, ಇವೆಲ್ಲ ಪ್ರತಿ ಸಲವೂ ಪುಕ್ಕಟೆಯಾಗಿ ಘಟ್ಟ ಹತ್ತುವ ಪ್ರಯಾಣಿಕರು. ಇವನ್ನು ಇಳಿಸಿಬಿಡಬೇಕು. ಆದರೆ ಜಾಕ್, ಹೆಚ್ಚುವರಿ ಚಕ್ರ ಮತ್ತು ಚಕ್ರಕ್ಕೆ ಕೊಡುವ ಕಟ್ಟೆಯನ್ನು ಮಾತ್ರ ಇಳಿಸಬಾರದು.

ಏರುವಾಗ ಗೇರಿನ ಬಗ್ಗೆಯೂ ಒಂದು ಮಾತು. ಸಮತಟ್ಟಿನಲ್ಲಿ ಮೇಲಿನ ಗೇರು ಮಿತವ್ಯಯಕಾರಿ, ಏಕೆಂದರೆ ಎಂಜಿನ್ ನಿಧಾನ ತಿರುಗಿದಷ್ಟೂ ಒಳಗಿನ ಘರ್ಷಣೆ ಕಡಿಮೆ. ಆದರೆ ಏರಿನಲ್ಲಿ ಮೇಲಿನ ಗೇರಿನಲ್ಲಿಯೇ ಹಟ ಹಿಡಿದರೆ ಎಂಜಿನ್ ಉಸಿರುಗಟ್ಟಿದಂತೆ ನಡುಗುತ್ತದೆ. ಅದಕ್ಕೆ ಮೊದಲೇ ಒಂದು ಗೇರು ಕೆಳಗಿಳಿಸುವುದು ಎಂಜಿನ್ನಿಗೂ ಡೀಸೆಲ್ಲಿಗೂ ಹಿತ.

ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡ

ಏರುವಾಗ ಖರ್ಚಾದದ್ದನ್ನು ಇಳಿಯುವಾಗ ಗಳಿಸೋಣ ಎಂದು ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕುವ, ಕೆಲವೊಮ್ಮೆ ಎಂಜಿನ್ನನ್ನೇ ಆರಿಸಿಬಿಡುವ ಅಭ್ಯಾಸ ಹಲವರಲ್ಲಿದೆ. ಇದು ಲೆಕ್ಕದಲ್ಲಿಯೂ ತಪ್ಪು, ಪ್ರಾಣಕ್ಕೂ ಅಪಾಯ.

ಲೆಕ್ಕವನ್ನು ಮೊದಲು ನೋಡೋಣ. ಗಾಡಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಇಳಿಯುವ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಆಗ ಎಂಜಿನ್ನಿಗೆ ಡೀಸೆಲ್ ಬೇಕಿಲ್ಲ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ಮಟ್ಟದ ಎಂಜಿನ್ನುಗಳಲ್ಲಿ ಕಂಪ್ಯೂಟರ್ ಡೀಸೆಲ್ ಹರಿವನ್ನೇ ನಿಲ್ಲಿಸುತ್ತದೆ. ಹಳೆಯ ಪಂಪಿನ ಎಂಜಿನ್ನುಗಳಲ್ಲಿ ಗವರ್ನರ್ ಆ ಕೆಲಸ ಮಾಡುತ್ತದೆ. ನ್ಯೂಟ್ರಲ್ಲಿಗೆ ಹಾಕಿದರೆ ಚಕ್ರಕ್ಕೂ ಎಂಜಿನ್ನಿಗೂ ಸಂಬಂಧ ಕಡಿದುಹೋಗಿ, ಎಂಜಿನ್ ತಾನು ನಿಲ್ಲದಿರಲೆಂದು ಡೀಸೆಲ್ ಕುಡಿಯತೊಡಗುತ್ತದೆ. ಅಂದರೆ ಕಡಿದಾದ ಇಳಿಜಾರಿನಲ್ಲಿ ಖರ್ಚಾಗುವುದು ನ್ಯೂಟ್ರಲ್ಲಿನಲ್ಲಿ, ಗೇರಿನಲ್ಲಲ್ಲ.

ಅಪಾಯ ಇನ್ನೂ ದೊಡ್ಡದು. ಏರುವಾಗ ಗಳಿಸಿದ 14.7 ಮೆಗಾಜೌಲ್ ಶಕ್ತಿ ಇಳಿಯುವಾಗ ಎಲ್ಲಿಯಾದರೂ ಹೋಗಲೇಬೇಕು. ಇದು 50 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ. ಟೈರು, ಗಾಳಿಗಳು ಒಂದು ಪಾಲನ್ನು ತೆಗೆದುಕೊಳ್ಳುತ್ತವೆ. ಗೇರಿನಲ್ಲಿದ್ದರೆ ಎಂಜಿನ್ ಇನ್ನೊಂದು ಪಾಲನ್ನು ಹೊರುತ್ತದೆ. ನ್ಯೂಟ್ರಲ್ಲಿನಲ್ಲಿ ಆ ಪಾಲೂ ಬ್ರೇಕಿನ ಮೇಲೆಯೇ ಬೀಳುತ್ತದೆ. ಕಾದ ಬ್ರೇಕ್ ಹಿಡಿತ ಕಳೆದುಕೊಳ್ಳುತ್ತದೆ, ಅದೂ ಹೆಚ್ಚಾಗಿ ಕೆಳಗಿನ ತಿರುವುಗಳಲ್ಲಿ. ಎಂಜಿನ್ ಆರಿಸಿದರಂತೂ ಬ್ರೇಕಿಗೆ ಬಲ ಕೊಡುವ ನಿರ್ವಾತ ಪಂಪ್ ನಿಲ್ಲುತ್ತದೆ, ಪವರ್ ಸ್ಟಿಯರಿಂಗ್ ಗಡುಸಾಗುತ್ತದೆ. ಏರುವಾಗ ಬಳಸಿದ ಗೇರಿನಲ್ಲಿಯೇ ಇಳಿಯಬೇಕು ಎಂಬ ಹಳೆಯ ಚಾಲಕರ ಮಾತಿಗೆ ಭೌತಶಾಸ್ತ್ರದ ಪೂರ್ಣ ಬೆಂಬಲವಿದೆ.

ಊರ ರಸ್ತೆಯಲ್ಲಿ ಎದುರಾಳಿ ಬ್ರೇಕು

ಪೇಟೆ, ಶಾಲೆ, ಬಸ್ ನಿಲ್ದಾಣ, ಉಬ್ಬುಗಳಿರುವ ರಸ್ತೆಯಲ್ಲಿ ಗಾಳಿಯೂ ಮುಖ್ಯವಲ್ಲ, ಎತ್ತರವೂ ಅಲ್ಲ. ಇಲ್ಲಿ ಪದೇ ಪದೇ ಗಳಿಸಿ ಕಳೆಯುವುದು ಚಲನಶಕ್ತಿಯನ್ನು. ನಮ್ಮ ಗಾಡಿಯನ್ನು ನಿಂತಲ್ಲಿಂದ 60ರ ವೇಗಕ್ಕೆ ತರಲು ಸುಮಾರು 39 ಮಿಲಿಲೀಟರ್, 40ರ ವೇಗಕ್ಕೆ ತರಲು ಸುಮಾರು 17 ಮಿಲಿಲೀಟರ್ ಡೀಸೆಲ್ ಬೇಕು. ಬ್ರೇಕ್ ಒತ್ತಿದೊಡನೆ ಅದೆಲ್ಲ ಶಾಖವಾಗಿ ಹೋಗುತ್ತದೆ.

ಆದ್ದರಿಂದ ಎರಡು ಉಬ್ಬುಗಳ ನಡುವೆ ವೇಗ ಏರಿಸಿ ಮತ್ತೆ ಬ್ರೇಕ್ ಒತ್ತುವವರು ಸಮಯವನ್ನು ಅಷ್ಟೇನೂ ಉಳಿಸುವುದಿಲ್ಲ, ಡೀಸೆಲ್ಲನ್ನು ಮಾತ್ರ ಕಳೆಯುತ್ತಾರೆ. ದೂರದಿಂದಲೇ ರಸ್ತೆಯನ್ನು ಗಮನಿಸಿ, ಮೊದಲೇ ಕಾಲು ತೆಗೆದು, ಗೇರಿನಲ್ಲಿಯೇ ವೇಗ ಇಳಿಸುವುದು ಉತ್ತಮ ಕ್ರಮ. ಸರಕು ತುಂಬುವಾಗ ಎಂಜಿನ್ನನ್ನು ಆರಿಸಬೇಕು. ಸುಮ್ಮನೆ ತಿರುಗುವ ಎಂಜಿನ್ ಗಂಟೆಗೆ ಅರ್ಧದಿಂದ ಒಂದು ಲೀಟರಿನವರೆಗೆ ಕುಡಿಯಬಲ್ಲದು.

ಟೈರು ಮತ್ತು ರೈಲು

ಎಲ್ಲ ರಸ್ತೆಗಳಲ್ಲಿಯೂ ಇರುವ ಖರ್ಚು ಟೈರಿನದು. ಗಾಳಿ ಕಡಿಮೆಯಾದ ಟೈರ್ ಪ್ರತಿ ಸುತ್ತಿನಲ್ಲಿಯೂ ಹೆಚ್ಚು ನಜ್ಜಾಗಿ ಬಿಸಿಯಾಗುತ್ತದೆ. ಒತ್ತಡ 10 ಪೌಂಡ್ ಕಡಿಮೆಯಾದರೆ ಡೀಸೆಲ್ ಖರ್ಚು ಸುಮಾರು ಶೇ. 2ರಷ್ಟು ಹೆಚ್ಚಬಹುದು, ಟೈರ್ ಸವೆಯುವುದೂ ಸಿಡಿಯುವುದೂ ಬೇರೆ. ತಯಾರಕರು ಸೂಚಿಸಿದ ಒತ್ತಡವನ್ನು ಟೈರ್ ತಣ್ಣಗಿರುವಾಗ ವಾರಕ್ಕೊಮ್ಮೆ ನೋಡಬೇಕು. ಏರ್ ಫಿಲ್ಟರಿನ ಧೂಳು ತೆಗೆಯುವುದು, ಕಪ್ಪು ಹೊಗೆ ಕಂಡರೆ ಕೂಡಲೇ ಗ್ಯಾರೇಜಿಗೆ ಒಯ್ಯುವುದು, ಚಕ್ರಕ್ಕೆ ಬ್ರೇಕ್ ತಾಗಿಕೊಂಡೇ ತಿರುಗುತ್ತಿದೆಯೇ ಎಂದು ಪರೀಕ್ಷಿಸುವುದು ಇದರ ಜೊತೆಗಿನ ಕೆಲಸಗಳು.

ಉರುಳು ಘರ್ಷಣೆಯ ಮಹತ್ವ ತಿಳಿಯಲು ಕೊಂಕಣ ರೈಲ್ವೆಯನ್ನು ನೋಡಿ. ಸರಕು ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಏರಿಸಿ ಸಾಗಿಸುವ ರೋ-ರೋ ಸೇವೆಯನ್ನು ಅದು 1999ರಲ್ಲಿ ಮಹಾರಾಷ್ಟ್ರದ ಕೋಲಾಡ್ ಮತ್ತು ಗೋವಾದ ವೆರ್ಣಾ ನಡುವೆ ಆರಂಭಿಸಿತು. ಮುಂದೆ ಅದು ಸುರತ್ಕಲ್ಲಿನವರೆಗೂ ಬಂದಿತು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ಆಗುವ ತಡೆ, ರಬ್ಬರ್ ಟೈರಿನ ತಡೆಗಿಂತ ಹಲವು ಪಟ್ಟು ಕಡಿಮೆ. ಲಾರಿಯ ತೂಕವನ್ನೂ ಹೊತ್ತು ಡೀಸೆಲ್ ಉಳಿಯುವುದು ಇದರಿಂದಲೇ.

ಖಾಲಿ ಗಾಡಿಯೂ ಡೀಸೆಲ್ ಕುಡಿಯುತ್ತದೆ

ಇನ್ನೊಂದು ಖರ್ಚು ಕಣ್ಣಿಗೆ ಬೀಳುವುದೇ ಇಲ್ಲ. ಸರಕು ಇಳಿಸಿ ಹಿಂದಿರುಗುವ 1,700 ಕಿಲೋ ಗಾಡಿಗೆ ಗಾಳಿಯ ತಡೆ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ನಮ್ಮ ಲೆಕ್ಕದಂತೆ 60ರ ವೇಗದಲ್ಲಿ ಖಾಲಿ ಗಾಡಿ, ತುಂಬಿದ ಗಾಡಿಯ ಮುಕ್ಕಾಲು ಪಾಲು ಡೀಸೆಲ್ ಬಳಸುತ್ತದೆ. ಲೀಟರಿಗೆ ಹೆಚ್ಚು ಕಿಲೋಮೀಟರ್ ಬಂತೆಂದು ಇಲ್ಲಿ ಸಂತೋಷಪಡುವಂತಿಲ್ಲ, ಏಕೆಂದರೆ ಸಾಗಿಸಿದ ಸರಕು ಸೊನ್ನೆ. ಇಬ್ಬರು ನೆರೆಯವರ ಅಡಿಕೆಯನ್ನು ಎರಡು ದಿನ ಅರ್ಧರ್ಧ ಒಯ್ಯುವ ಬದಲು ಒಂದೇ ಸಲ ಒಯ್ಯುವುದು, ಹಿಂದಿರುಗುವಾಗ ಗೊಬ್ಬರವನ್ನೋ ದಿನಸಿಯನ್ನೋ ತರುವ ಬಾಡಿಗೆ ಹುಡುಕುವುದು, ಇವುಗಳಿಂದಾಗುವ ಉಳಿತಾಯ ಉಳಿದೆಲ್ಲ ಉಪಾಯಗಳಿಗಿಂತ ದೊಡ್ಡದು. ಆದರೆ ನಿಗದಿತ ಮಿತಿಯನ್ನು ಮೀರಿ ತುಂಬುವುದು ಉಳಿತಾಯವಲ್ಲ. ಬ್ರೇಕು, ಟೈರುಗಳನ್ನು ತಯಾರಿಸಿರುವುದು ಆ ಮಿತಿಗಾಗಿ.

ನೀವೇ ಅಳೆದು ನೋಡಿ

ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಪಿಕಪ್ ಇದ್ದರೆ ಒಂದು ತಿಂಗಳ ಅಭ್ಯಾಸ ಮಾಡಬಹುದು. ಒಂದು ಪುಸ್ತಕದಲ್ಲಿ ದಿನಾಂಕ, ಮೀಟರ್ ಓದು, ತುಂಬಿಸಿದ ಡೀಸೆಲ್, ಹೋದ ದಾರಿ, ಹೊತ್ತ ತೂಕ ಎಂಬ ಐದು ಅಂಕಣಗಳನ್ನು ಮಾಡಿ. ಟ್ಯಾಂಕ್ ಪೂರ್ತಿ ತುಂಬಿಸಿದಾಗ ಮೀಟರ್ ಬರೆದಿಡಿ. ಮುಂದಿನ ಸಲ ಅದೇ ಬಂಕಿನಲ್ಲಿ ಮತ್ತೆ ಪೂರ್ತಿ ತುಂಬಿಸಿ. ಓಡಿದ ದೂರವನ್ನು ಆ ಸಲ ಹಿಡಿದ ಲೀಟರುಗಳಿಂದ ಭಾಗಿಸಿ. ಒಂದು ಸಲದ ಫಲಿತಾಂಶವನ್ನು ನಂಬಬೇಡಿ, ನಾಲ್ಕಾರು ಸಲದ ಸರಾಸರಿ ತೆಗೆಯಿರಿ. ಎರಡು ವಾರ ಎಂದಿನಂತೆ ಓಡಿಸಲಿ, ಇನ್ನೆರಡು ವಾರ ಮೇಲಿನ ಸಲಹೆಗಳಂತೆ ಓಡಿಸಲಿ. ಘಟ್ಟದ ಬಾಡಿಗೆಯನ್ನು ಘಟ್ಟದ ಬಾಡಿಗೆಯೊಡನೆ, ಹೆದ್ದಾರಿಯದನ್ನು ಹೆದ್ದಾರಿಯದರೊಡನೆ ಮಾತ್ರ ಹೋಲಿಸಿ.

ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 80ಕ್ಕೂ ಹೆಚ್ಚನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತದೆ. ಉರಿದ ಪ್ರತಿ ಲೀಟರ್ ಡೀಸೆಲ್ ಸುಮಾರು 2.6 ಕಿಲೋ ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಸೇರಿಸುತ್ತದೆ. ಹೀಗಾಗಿ ದಿನಕ್ಕೆ ಒಂದು ಲೀಟರ್ ಉಳಿದರೂ ಅದರ ಲಾಭ ಆ ಮನೆಗೂ ಉಂಟು, ನಾಡಿಗೂ ಉಂಟು. ತಿಂಗಳ ಕೊನೆಗೆ ನಿಮ್ಮ ಪುಸ್ತಕದ ಲೆಕ್ಕವನ್ನು ಅಂದಿನ ಡೀಸೆಲ್ ದರದಿಂದ ಗುಣಿಸಿ, ಗಾಡಿ ಓಡಿಸಿದವರಿಗೆ ತೋರಿಸಿ.