ಪಾರದರ್ಶಕ ಪಟಲದ ಬಿಗುವು

ರಬಕವಿ-ಬನಹಟ್ಟಿಯ ನೇಕಾರನು ಬಟ್ಟೆಯನ್ನು ಬೆರಳಿನಿಂದ ಒತ್ತಿ, ಎಳೆದು ಅದರ ಬಿಗುವನ್ನು ಅರಿಯುತ್ತಾನೆ. ಕಣ್ಣಿನ ಮುಂಭಾಗದಲ್ಲಿಯೂ ಅಂತಹುದೇ ಒಂದು ನೇಯ್ಗೆಯಿದೆ. ಅದೇ ಕಾರ್ನಿಯಾ ಅಥವಾ ಪಾರದರ್ಶಕ ಪಟಲ. ನಡುವೆ ಸುಮಾರು ಅರ್ಧ ಮಿಲಿಮೀಟರ್ ದಪ್ಪವಿರುವ ಈ ಪಟಲದಲ್ಲಿ ಕೊಲಾಜೆನ್ ಎಂಬ ಪ್ರೋಟೀನಿನ ನವುರಾದ ಎಳೆಗಳು ಪದರ ಪದರವಾಗಿ ಹರಡಿಕೊಂಡಿವೆ. ಕಣ್ಣಿನೊಳಗಿನ ದ್ರವದ ಒತ್ತಡವನ್ನು ತಾಳಿ, ಪಟಲದ ಬಾಗನ್ನು ಕಾಪಾಡುವುದು ಈ ಎಳೆಗಳೇ.

ಮದರಾಸಿನಲ್ಲಿ ಜನಿಸಿ ಅಮೆರಿಕೆಯಲ್ಲಿ ನೆಲೆಸಿದ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್ ಅವರೂ ಅವರ ಸಹೋದ್ಯೋಗಿಗಳೂ 1981ರಲ್ಲಿ ಒಂದು ಮಹತ್ವದ ಸಂಗತಿಯನ್ನು ಕಂಡುಕೊಂಡರು. ಎಕ್ಸೈಮರ್ ಲೇಸರ್ ಕಿರಣವು ಸುತ್ತಲಿನ ಭಾಗವನ್ನು ಸುಡದೆ ಜೀವಿಗಳ ಅಂಗಾಂಶವನ್ನು ಕೆತ್ತಬಲ್ಲುದು. ಈ ಶೋಧದಿಂದ ಕನ್ನಡಕದ ಅಗತ್ಯವನ್ನು ತಗ್ಗಿಸುವ ಲೇಸರ್ ಶಸ್ತ್ರಚಿಕಿತ್ಸೆ ಬೆಳೆಯಿತು. ಪಟಲದ ತೆಳುವಾದ ಅಂಶವೊಂದನ್ನು ತೆಗೆದಾಗ ಅದರ ಬಾಗು ಬದಲಾಗಿ ನೋಟ ತಿಳಿಯಾಗುತ್ತದೆ.

ಆದರೆ ಕಡಿದ ಎಳೆಗಳು ಮೊದಲಿನಂತೆ ಕೂಡಿಕೊಳ್ಳುವುದಿಲ್ಲ, ನೇಯ್ಗೆ ಸಡಿಲವಾಗುತ್ತದೆ. ವಿರಳವಾಗಿ ಕೆಲವರಲ್ಲಿ ಪಟಲವು ಒತ್ತಡವನ್ನು ತಾಳಲಾರದೆ ಶಂಕುವಿನಂತೆ ಉಬ್ಬಿ, ದೃಷ್ಟಿ ಕೆಡುವುದುಂಟು. ಮತ್ತೊಂದು ತೊಡಕೂ ಇದೆ. ಸಡಿಲವಾದ ಪಟಲವು ಅಳೆಯುವ ಉಪಕರಣಕ್ಕೆ ಸುಲಭವಾಗಿ ಮಣಿಯುವುದರಿಂದ ಕಣ್ಣಿನ ಒತ್ತಡವು ಇರುವುದಕ್ಕಿಂತ ಕಡಿಮೆಯೆಂದು ತೋರುತ್ತದೆ. ಆಗ ಗ್ಲಾಕೋಮಾ ರೋಗವು ವೈದ್ಯರಿಗೂ ತಿಳಿಯದೆ ಅಡಗಿರಬಹುದು.

ಹಾಗಾದರೆ ಈ ಬಿಗುವನ್ನು ಅಳೆಯುವ ಬಗೆ ಹೇಗೆ? ಇಲ್ಲಿ ಬೆರಳಿನ ಕೆಲಸವನ್ನು ಗಾಳಿ ಮಾಡುತ್ತದೆ. ಉಪಕರಣವು ಕಣ್ಣಿನ ಮೇಲೆ ಗಾಳಿಯನ್ನು ಒಮ್ಮೆ ಮೆಲ್ಲನೆ ಊದುತ್ತದೆ. ಪಟಲವು ಚಪ್ಪಟೆಯಾಗಿ ಒಳಸರಿದು, ಮತ್ತೊಮ್ಮೆ ಚಪ್ಪಟೆಯಾಗಿ ಹಿಂದಿನ ಸ್ಥಿತಿಗೆ ಮರಳುತ್ತದೆ. ಈ ಎರಡು ಕ್ಷಣಗಳಲ್ಲಿರುವ ಗಾಳಿಯ ಒತ್ತಡಗಳ ಅಂತರವು ಪಟಲವು ಪೆಟ್ಟನ್ನು ಹೀರಿಕೊಳ್ಳುವ ಶಕ್ತಿಯನ್ನು ಸೂಚಿಸುತ್ತದೆ. ಇನ್ನೊಂದು ಉಪಕರಣದಲ್ಲಿ ಸೆಕೆಂಡಿಗೆ 4,000ಕ್ಕೂ ಹೆಚ್ಚು ಚಿತ್ರಗಳನ್ನು ತೆಗೆಯುವ ಕ್ಯಾಮೆರಾ, ಪಟಲವು ಎಷ್ಟು ಆಳಕ್ಕೆ, ಎಷ್ಟು ಬೇಗ ಕುಗ್ಗಿತೆಂಬುದನ್ನು ದಾಖಲಿಸುತ್ತದೆ. ಶಸ್ತ್ರಚಿಕಿತ್ಸೆಯ ಮೊದಲಿನ ಮತ್ತು ಅನಂತರದ ಅಳತೆಗಳನ್ನು ಹೋಲಿಸಿದರೆ ಬಿಗುವು ಎಷ್ಟು ತಗ್ಗಿದೆಯೆಂದು ತಿಳಿಯುತ್ತದೆ. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿಯೂ ಈ ವಿಷಯವಾಗಿ ಸಂಶೋಧನೆಗಳು ನಡೆದಿವೆ.

ಬೀಳಗಿಯಲ್ಲಿ ಜನಿಸಿ, 2005ರಲ್ಲಿ ನಿಧನರಾದ ಡಾ. ಎಂ. ಸಿ. ಮೋದಿಯವರು ಊರೂರುಗಳಲ್ಲಿ ಶಿಬಿರಗಳನ್ನು ನಡೆಸಿ, ಕಣ್ಣಿನ ಪೊರೆಯಿಂದ ಕುರುಡಾದ ಅಸಂಖ್ಯರಿಗೆ ಬೆಳಕನ್ನಿತ್ತರು. ಅವರ ಬಳಿಗೆ ಬಂದವರು ನೋಟವನ್ನು ಕಳೆದುಕೊಂಡವರು. ಲೇಸರ್ ಚಿಕಿತ್ಸೆಗೆ ಹೋಗುವವರಾದರೋ ಕನ್ನಡಕದಿಂದ ಚೆನ್ನಾಗಿ ಕಾಣುವವರು. ಆದುದರಿಂದ ಇಲ್ಲಿ ಎಚ್ಚರಿಕೆ ಇನ್ನೂ ಹೆಚ್ಚಾಗಿರಬೇಕು. ಜಮಖಂಡಿಯವರಾಗಲಿ, ಮುಧೋಳದವರಾಗಲಿ, ಈ ಚಿಕಿತ್ಸೆಯನ್ನು ಬಯಸುವವರು ಮೊದಲು ಪಟಲವನ್ನು ಪರೀಕ್ಷಿಸಿಕೊಂಡು, ಆ ದಾಖಲೆಯನ್ನು ಜೋಪಾನವಾಗಿಟ್ಟುಕೊಳ್ಳಬೇಕು. ಮುಂದೆ ಕಣ್ಣು ತೋರಿಸುವಾಗಲೆಲ್ಲ ವೈದ್ಯರಿಗೆ ಅದನ್ನು ತಿಳಿಸಬೇಕು.