ಮನೆಯ ಹಿತ್ತಿಲೂ ನಾಡಿನ ಆರೋಗ್ಯವೂ

‘ಹಿತ್ತಿಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಮ್ಮ ಹಿರಿಯರು ಕಟ್ಟಿದ್ದು ವ್ಯಂಗ್ಯಕ್ಕಾಗಿ. ಕೈಗೆಟಕುವ ವಸ್ತುವಿಗೆ ಮನುಷ್ಯನು ಬೆಲೆ ಕೊಡುವುದಿಲ್ಲವೆಂಬ ಮರುಕ ಅದರಲ್ಲಿ ಅಡಗಿದೆ. ನಾವಾದರೋ ವ್ಯಂಗ್ಯವನ್ನು ಮರೆತು ಅಕ್ಷರಾರ್ಥವನ್ನೇ ಆಚರಣೆಗೆ ತಂದಿದ್ದೇವೆ. ಗಾದೆ ಹುಟ್ಟಿದ ಕಾಲದಲ್ಲಿ ಮದ್ದೆನಿಸದಿದ್ದರೂ ಗಿಡವಾದರೂ ಇತ್ತು. ಇಂದು ನಮ್ಮ ಪಟ್ಟಣಗಳ ಎಷ್ಟೋ ಮನೆಗಳಲ್ಲಿ ಗಿಡವೂ ಇಲ್ಲ, ಹಿತ್ತಿಲೂ ಇಲ್ಲ.

ಹಿತ್ತಿಲೆಂದರೆ ತೋಟವಲ್ಲ. ಬಚ್ಚಲ ನೀರು ಹರಿಯುವ ಕಡೆ ನಾಲ್ಕು ಬಾಳೆ, ಬಾವಿಯ ಮಗ್ಗುಲಲ್ಲಿ ಒಂದು ನಿಂಬೆ, ಬೇಲಿಯ ಮೂಲೆಯಲ್ಲಿ ನುಗ್ಗೆ, ಅಡಿಗೆಮನೆಯ ಬಾಗಿಲಿಗೆ ಹತ್ತಿರವಾಗಿ ಕರಿಬೇವು, ಚಪ್ಪರದ ಮೇಲೆ ಬಸಳೆ: ಇಷ್ಟೇ ಅದರ ಸಂಪತ್ತು. ಅದರ ಫಸಲು ಸಂತೆಗೆ ಹೋಗುತ್ತಿರಲಿಲ್ಲ, ಯಾವ ಲೆಕ್ಕದ ಪುಸ್ತಕಕ್ಕೂ ಏರುತ್ತಿರಲಿಲ್ಲ. ಮನೆಯವರು ಉಂಡು ಮಿಕ್ಕಿದ್ದು ನೆರೆಮನೆಗೆ ಸಲ್ಲುತ್ತಿತ್ತು. ಲೆಕ್ಕಕ್ಕೆ ಸಿಕ್ಕದ ಈ ಸಂಪತ್ತು ಕರಗಿದ್ದು ಕೂಡ ಯಾರ ಲೆಕ್ಕಕ್ಕೂ ಬರಲಿಲ್ಲ.

ಆದರೆ ಅದರ ಅಭಾವವು ಬೇರೊಂದು ಲೆಕ್ಕದಲ್ಲಿ ಕಾಣುತ್ತಿದೆ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಯೂ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಯೂ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಬಡತನ, ಹೊಟ್ಟೆಯ ಹುಳು, ಮೇಲಿಂದ ಮೇಲೆ ಬರುವ ಜ್ವರ ಮೊದಲಾದ ಕಾರಣಗಳು ಇದಕ್ಕೆ ಹಲವು ಉಂಟು. ಹಿತ್ತಿಲೊಂದೇ ಇದಕ್ಕೆಲ್ಲ ಪರಿಹಾರವೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೂ ಅನ್ನ ಸಾರು ಮಾತ್ರ ತುಂಬಿ, ಸೊಪ್ಪು ಹಣ್ಣುಗಳಿಗೆ ಎಡೆಯಿಲ್ಲದ ತಟ್ಟೆಯೂ ಒಂದು ಮುಖ್ಯ ಕಾರಣವೆಂಬುದು ನಿರ್ವಿವಾದ. ದಿನಕ್ಕೆ 400 ಗ್ರಾಮಿನಷ್ಟಾದರೂ ಹಣ್ಣು ತರಕಾರಿಗಳನ್ನು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ವಿಧಿಸುತ್ತದೆ. ಐದು ಜನರ ಬಡಸಂಸಾರವು ಇಷ್ಟನ್ನೂ ದಿನದಿನವೂ ಪೇಟೆಯಿಂದ ಕೊಂಡು ತಂದೀತೇ?

ಇಂಥ ಪ್ರಶ್ನೆ ನಮ್ಮ ದೇಶಕ್ಕೆ ಹೊಸದಲ್ಲ. 1942ರಲ್ಲಿ ಬರ್ಮಾ ದೇಶವು ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋದಾಗ, ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಚಳವಳಿ ನಾಡಿನಲ್ಲೆಲ್ಲ ಹಬ್ಬಿತು. ಅನ್ನಕ್ಕಾಗಿ ಪರರ ಹಡಗನ್ನು ಕಾಯುವುದು ಎಷ್ಟು ಅಪಾಯಕರವೆಂಬ ಪಾಠವನ್ನು ಆ ಕಾಲ ಕಲಿಸಿತು. ಇಂದು ಧಾನ್ಯದ ಕಣಜ ತುಂಬಿದೆ, ಕೊರತೆಯಿರುವುದು ಸತ್ವದಲ್ಲಿ. ಅಂದಿನ ಸ್ವಾವಲಂಬನೆಯ ಮಾತು ಇಂದು ಮನೆಯ ಗೋಡೆಯ ಪಕ್ಕದ ಐದಡಿ ಮಣ್ಣಿಗೂ ಸಲ್ಲಬೇಕಾಗಿದೆ.

ಸ್ಥಳವಿಲ್ಲವೆಂಬುದು ಮೊದಲನೆಯ ಆಕ್ಷೇಪ. ಮೂವತ್ತು ನಾಲ್ವತ್ತರ ನಿವೇಶನದಲ್ಲಿ ಮಾವು ಹಲಸುಗಳನ್ನು ನೆಡಲಾಗದೆಂಬುದು ನಿಜ. ಆದರೆ ಮನೆಯ ಸುತ್ತ ಬಿಡಬೇಕಾದ ತೆರಪಿಗೆ ಸಿಮೆಂಟು ಬಳಿಯದಿದ್ದರೆ ನಾಲ್ಕೈದು ಉಪಯುಕ್ತ ಗಿಡಗಳಿಗೆ ಎಡೆಯುಂಟು.

ಮೊದಲನೆಯದು ಪರಂಗಿ. ಅಮೆರಿಕಾ ಖಂಡದಿಂದ ಪರಂಗಿಯವರ ಹಡಗಿನಲ್ಲಿ ಬಂದು, ಅವರ ಹೆಸರನ್ನೇ ಹೊತ್ತು, ಇಂದು ನಮ್ಮದೇ ಆಗಿರುವ ಹಣ್ಣಿದು. ನೆಟ್ಟ ವರ್ಷದೊಳಗೆ ಫಲ ಕೊಡುವ ಇದರಲ್ಲಿ ಎ ಜೀವಸತ್ವದ ಮೂಲವೂ ಸಿ ಜೀವಸತ್ವವೂ ಇವೆ. ಇದರಲ್ಲಿ ಗಂಡು, ಹೆಣ್ಣು, ಉಭಯಲಿಂಗಿ ಎಂದು ಮೂರು ಬಗೆಯ ಗಿಡಗಳಿರುವುದರಿಂದ, ಒಂದು ಗುಣಿಗೆ ಎರಡು ಮೂರು ಸಸಿಗಳನ್ನಿಟ್ಟು, ಹೂ ಕಂಡ ಮೇಲೆ ಫಲ ಬಿಡುವುದನ್ನು ಉಳಿಸಿ ಮಿಕ್ಕವನ್ನು ಕೀಳಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ರೂಪಿಸಿದ ‘ಅರ್ಕ ಪ್ರಭಾತ್’ ತಳಿಯಲ್ಲಿ ಗಂಡುಗಿಡದ ತೊಡಕೇ ಇಲ್ಲ. ಬುಡದಲ್ಲಿ ನೀರು ನಿಂತರೆ ಮಾತ್ರ ಪರಂಗಿ ಕೊಳೆತುಹೋಗುವುದು. ಆದುದರಿಂದ ದಿಣ್ಣೆ ಮಾಡಿ ನೆಡತಕ್ಕದ್ದು.

ಎರಡನೆಯದು ನುಗ್ಗೆ. ಕಾಯಿಗಿಂತ ಸೊಪ್ಪೇ ಇದರ ನಿಜವಾದ ಧನ. ಕಬ್ಬಿಣ, ಸುಣ್ಣ, ಎ ಜೀವಸತ್ವದ ಮೂಲ ಇವೆಲ್ಲವೂ ಆ ಪುಟ್ಟ ಎಲೆಗಳಲ್ಲಿ ಸೇರಿವೆ. ಕಂಬಳಿಹುಳುವಿಗೆ ಹೆದರಿ ಮರವನ್ನೇ ಕಡಿದ ಮನೆಗಳೆಷ್ಟೋ! ಈ ಹುಳುಗಳು ಹಗಲಿನಲ್ಲಿ ಕಾಂಡದ ಮೇಲೆ ಗುಂಪುಗೂಡಿರುತ್ತವೆ. ಆಗ ಉದ್ದನೆಯ ಕೋಲಿಗೆ ಕಟ್ಟಿದ ಪಂಜಿನಿಂದ ಅವನ್ನು ನಾಶಮಾಡುವುದು ಸುಲಭ. ಗಿಡವನ್ನು ಎದೆಮಟ್ಟಕ್ಕೆ ಆಗಾಗ ಸವರುತ್ತಿದ್ದರೆ ಎಳೆಸೊಪ್ಪು ಕೈಗೆ ಸಿಗುವುದಲ್ಲದೆ, ಲಡ್ಡಾದ ಕೊಂಬೆ ಗಾಳಿಗೆ ಮುರಿದುಬೀಳುವ ಭಯವೂ ಇರದು.

ಮೂರನೆಯದು ನಿಂಬೆ. ಸೊಪ್ಪಿನಲ್ಲಿರುವ ಕಬ್ಬಿಣವನ್ನು ಶರೀರವು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಜತೆಗೆ ಸಿ ಜೀವಸತ್ವವಿದ್ದರೆ ಹೀರಿಕೆ ಹೆಚ್ಚುತ್ತದೆ. ನುಗ್ಗೆಸೊಪ್ಪಿನ ಪಲ್ಯಕ್ಕೆ ಒಲೆಯಿಂದಿಳಿಸಿದ ಮೇಲೆ ನಿಂಬೆ ಹಿಂಡುವ ನಮ್ಮ ಗೃಹಿಣಿಯರ ಪದ್ಧತಿಯು ರುಚಿಗಾಗಿ ಬಂದಿರಬಹುದು. ಅದನ್ನು ಶಾಸ್ತ್ರವೂ ಒಪ್ಪುತ್ತದೆ. ಊಟವಾದೊಡನೆ ಕಾಫಿ ಚಹಾ ಕುಡಿದರೆ ಈ ಲಾಭ ಬಹುಮಟ್ಟಿಗೆ ನಷ್ಟವಾಗುವುದೆಂಬುದನ್ನೂ ನೆನಪಿಡಬೇಕು. ನಿಂಬೆಯನ್ನು ಕರಿಬೇವಿನಿಂದ ಆದಷ್ಟು ದೂರವಿಡುವುದು ಲೇಸು. ಎರಡೂ ಒಂದೇ ಕುಲದವು. ನಿಂಬೆಯ ಜಾತಿಯ ಗಿಡಗಳನ್ನು ಸೊರಗಿಸುವ ರೋಗವನ್ನು ಹರಡುವ ಪುಟ್ಟ ಕೀಟವು ಕರಿಬೇವಿನ ಚಿಗುರಿನಲ್ಲಿಯೂ ಮರಿ ಮಾಡುತ್ತದೆ.

ಇವುಗಳ ಜತೆಗೆ ಒಂದು ಸೀಬೆ. ಕಿತ್ತಳೆಗಿಂತ ಹಲವು ಪಾಲು ಹೆಚ್ಚು ಸಿ ಜೀವಸತ್ವವುಳ್ಳ ಈ ಹಣ್ಣು ಮಾಳಿಗೆಯ ಮೇಲಣ ಪೀಪಾಯಿಯಲ್ಲಿಯೂ ಬೆಳೆದೀತು. ಕಸಿಯ ಸಸಿಯನ್ನು ತಂದವರು ಕಸಿಯ ಗಂಟು ಮಣ್ಣಿನಿಂದ ಮೇಲಿರುವಂತೆ ನೆಟ್ಟು, ಗಂಟಿನ ಕೆಳಗೆ ಒಡೆಯುವ ಚಿಗುರನ್ನು ಚಿವುಟುತ್ತಿರಬೇಕು. ಇಲ್ಲವಾದರೆ ಒಳ್ಳೆಯ ಜಾತಿ ಸತ್ತು ಕಾಡುಗಿಡ ಉಳಿದೀತು. ಬಸಳೆ, ದೊಡ್ಡಪತ್ರೆ, ಒಂದೆಲಗಗಳಿಗೆ ಒಡಕು ಮಡಕೆಯೂ ಸಾಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಹಿತ್ತಿಲ ಗಿಡವನ್ನು ತಿರಸ್ಕರಿಸುವುದು ಒಂದು ತಪ್ಪಾದರೆ, ಅದನ್ನು ಸಂಜೀವಿನಿಯೆಂದು ಹೊಗಳಿ ಬಟ್ಟಲುಗಟ್ಟಲೆ ಕುಡಿಯುವುದು ಇನ್ನೊಂದು ತಪ್ಪು. ನಮ್ಮ ಮಲೆನಾಡು ಕರಾವಳಿಗಳ ಮನೆಗಳಲ್ಲಿ ಬೆಳೆಯುವ ಚಕ್ರಮುನಿ ಸೊಪ್ಪನ್ನು ಬೇಯಿಸಿ ಮಿತವಾಗಿ ಉಂಡವರಿಗೆ ಕೇಡಾಗಿಲ್ಲ. ಅದೇ ಸೊಪ್ಪಿನ ಹಸಿರಸವನ್ನು ಮೈ ಇಳಿಸುವ ಆಸೆಯಿಂದ ವಾರಗಟ್ಟಲೆ ಕುಡಿದ ತೈವಾನಿನ ಅನೇಕರಿಗೆ 1994-95ರಲ್ಲಿ ಶ್ವಾಸಕೋಶವೇ ಮರಳಿ ಸರಿಹೋಗದಂತೆ ಕೆಟ್ಟಿತು. ಮೂತ್ರಪಿಂಡದ ರೋಗವಿರುವವರಿಗೆ ಕರಬಲದ ಹಣ್ಣು ವಿಷಸಮಾನ. ಆಹಾರವು ಆಹಾರವಾಗಿಯೇ, ಹದವರಿತು ಒಳಗೆ ಹೋಗಬೇಕು.

ಆರೋಗ್ಯದ ಮಾತು ಹೀಗಾದರೆ, ನಾಡಿನ ತಳಿಗಳ ಮಾತು ಮತ್ತೊಂದು. ದೇವನಹಳ್ಳಿಯ ಚಕ್ಕೋತಕ್ಕೂ ನಂಜನಗೂಡಿನ ರಸಬಾಳೆಗೂ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಆದರೆ ಮುದ್ರೆಯಿಂದ ಮರ ಬೆಳೆಯುವುದಿಲ್ಲ. ರಸಬಾಳೆಯನ್ನು ಸೊರಗುರೋಗ ಹಿಂಡಿತು. 2008ರಲ್ಲಿ ವಿಮಾನ ನಿಲ್ದಾಣ ತೆರೆದ ದೇವನಹಳ್ಳಿಯ ಸೀಮೆಯಲ್ಲಿ ನೆಲದ ಬೆಲೆ ಚಕ್ಕೋತದ ಬೆಲೆಯನ್ನು ನುಂಗಿತು. ತೋಟಗಳು ನಿವೇಶನಗಳಾಗುವುದನ್ನು ನಾವು ತಡೆಯಲಾರೆವಾದರೆ, ಆ ನಿವೇಶನಗಳಲ್ಲಿ ಒಂದೊಂದು ಚಕ್ಕೋತದ ಗಿಡವನ್ನಾದರೂ ಇಡಬಾರದೇ? ಒಂದು ತಳಿಯು ನೂರು ಹಿತ್ತಿಲುಗಳಲ್ಲಿ ಹಂಚಿ ಬಾಳಿದರೆ, ಒಂದೆಡೆ ಕೆಟ್ಟರೂ ಮತ್ತೊಂದೆಡೆ ಉಳಿದೀತು.

ಸರ್ಕಾರವೂ ಪೌರಸಂಸ್ಥೆಗಳೂ ಮಾಡಬೇಕಾದ ಕೆಲಸವಿದೆ. ಬೀದಿಯ ಬದಿಗೂ ಉದ್ಯಾನಕ್ಕೂ ಅಲಂಕಾರದ ಗಿಡಗಳನ್ನು ಕೊಳ್ಳುವ ಹಣದಲ್ಲಿ ಒಂದು ಪಾಲು ಮನೆಮನೆಗೆ ಒಳ್ಳೆಯ ಹಣ್ಣಿನ ಸಸಿ ಕೊಡಲು ಮೀಸಲಾಗಲಿ. ಪ್ರತಿ ಶಾಲೆಯ ಅಂಗಳದಲ್ಲಿಯೂ ನುಗ್ಗೆ, ಸೀಬೆ, ನೆಲ್ಲಿಗಳು ಬೆಳೆಯಲಿ. ಅಲ್ಲಿಯ ಸೊಪ್ಪು ಅಲ್ಲಿಯ ಮಕ್ಕಳ ಬಿಸಿಯೂಟಕ್ಕೆ ಸಲ್ಲಲಿ. ಆದರೆ ಎಲ್ಲಕ್ಕೂ ಸರ್ಕಾರದ ಕಡೆ ಕೈಚಾಚುವ ಅಭ್ಯಾಸವೂ ನಮ್ಮಲ್ಲಿ ಬಲಿತಿದೆ. ನಮ್ಮ ಮನೆಯ ಹಿಂದಣ ಮಣ್ಣನ್ನು ಅಗೆಯಲು ಯಾವ ಶಾಸನವೂ ಬೇಕಿಲ್ಲ.

ಮುಂಗಾರಿನ ಮೊದಲ ಎರಡು ಮಳೆ ಬಿದ್ದೊಡನೆ ಒಂದೂವರೆ ಅಡಿಯ ಗುಣಿ ತೋಡಿ, ಒಂದು ಮಂಕರಿ ಕೊಟ್ಟಿಗೆ ಗೊಬ್ಬರ ಬೆರೆಸಿ, ಒಂದು ಸಸಿಯನ್ನಿಡಿ. ನೀರೆರೆಯುವ ಹೊಣೆಯನ್ನು ಮನೆಯ ಮಗುವಿಗೆ ಒಪ್ಪಿಸಿರಿ. ತಾನು ನೀರೆರೆದ ಗಿಡದ ಹಣ್ಣನ್ನು ಬೇಡವೆನ್ನುವ ಮಗು ಅಪರೂಪ.