ಆಪ್ತ ಸಮಾಲೋಚನೆಯ ಬಿಲ್ಲಿನಲ್ಲಿ ಹೆಸರು ಇರಬಾರದು

ನೌಕರ ನೆರವು ಯೋಜನೆ, ಅಂದರೆ ಎಂಪ್ಲಾಯಿ ಅಸಿಸ್ಟೆನ್ಸ್ ಪ್ರೋಗ್ರಾಂ ಎಂಬ ಹೆಸರು ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳಲ್ಲಿ ಎರಡು ದಶಕಗಳಿಂದ ಬಳಕೆಯಲ್ಲಿದೆ. ಹಣ ಕೊಡುವವರು ಮಾಲೀಕರು. ನೌಕರನ ಮಾತು ಕೇಳುವವರು ಹೊರಗಿನ ಸಂಸ್ಥೆಯ ಆಪ್ತ ಸಮಾಲೋಚಕರು. ಯಾರು ಹೋದರು, ಏನು ಹೇಳಿಕೊಂಡರು ಎಂಬುದು ಮಾಲೀಕರಿಗೆ ತಿಳಿಯಕೂಡದು. 1940ರ ದಶಕದಲ್ಲಿ ಅಮೆರಿಕದ ಕೆಲವು ಕಾರ್ಖಾನೆಗಳು ಕುಡಿತಕ್ಕೆ ಬಿದ್ದ ಕೆಲಸಗಾರರನ್ನು ಉಳಿಸಿಕೊಳ್ಳಲು ಕೈಗೊಂಡ ಪ್ರಯತ್ನಗಳಿಂದ ಈ ಪದ್ಧತಿ ಬೆಳೆದು ಬಂದಿದೆ. ಬೆಂಗಳೂರಿನಲ್ಲಿ ಇಂತಹ ಸೇವೆಯನ್ನೇ ವೃತ್ತಿಯಾಗಿಸಿಕೊಂಡ ಒನ್ ಟು ಒನ್ ಹೆಲ್ಪ್ ಸಂಸ್ಥೆ ಆರಂಭವಾದದ್ದು 2001ರಲ್ಲಿ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಭಾಗದ ಉದ್ದಿಮೆದಾರರಿಗೆ ಇದು ದೂರದ ಮಾತೆನಿಸುವುದು ಸಹಜ. ಇಲ್ಲಿರುವುದು ತಂಬಾಕು ಹರಾಜು ಮಾರುಕಟ್ಟೆಗಳನ್ನು ಅವಲಂಬಿಸಿದ ವರ್ತಕ ಸಂಸ್ಥೆಗಳು, ಅಕ್ಕಿ ಗಿರಣಿಗಳು, ಸಾಮಿಲ್‌ಗಳು, ಪತ್ತಿನ ಸಹಕಾರ ಸಂಘಗಳು, ಕಬಿನಿ ಹಿನ್ನೀರಿನ ರೆಸಾರ್ಟ್‌ಗಳು, ಗುರುಪುರ ಮತ್ತು ಬೈಲಕುಪ್ಪೆಯ ಟಿಬೆಟಿಯನ್ ವಸತಿಗಳ ಸುತ್ತಲಿನ ಅಂಗಡಿ ಹೋಟೆಲುಗಳು. 1948ರ ಕಾರ್ಖಾನೆ ಕಾಯ್ದೆ ಕಲ್ಯಾಣಾಧಿಕಾರಿಯ ನೇಮಕವನ್ನು ಕಡ್ಡಾಯಗೊಳಿಸಿದ್ದು 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಕಾರ್ಖಾನೆಗಳಿಗೆ. ಈ ಭಾಗದ ಬಹುತೇಕ ಉದ್ದಿಮೆಗಳು ಆ ಅಂಕಿಯ ಹತ್ತಿರವೂ ಸುಳಿಯುವುದಿಲ್ಲ.

ಆದರೆ ಅಗತ್ಯ ಇಲ್ಲಿಯೂ ಇದೆ. 2025ರ ಆರಂಭದಲ್ಲಿ ಮೈಸೂರು ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ಮೈಕ್ರೋ ಫೈನಾನ್ಸ್ ವಸೂಲಿಯ ಕಾಟ ತಾಳಲಾರದೆ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ವರದಿಗಳು ಬಂದವು. ಆ ವರ್ಷದ ಫೆಬ್ರವರಿಯಲ್ಲಿ ಬಲವಂತದ ವಸೂಲಿಯನ್ನು ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ವಾರದ ಕಂತು ಕಟ್ಟಲಾಗದವನು ಸಂಬಳದ ಮುಂಗಡ ಕೇಳುತ್ತಾನೆ. ಮುಂಗಡ ಮುಗಿದ ಮೇಲೆ ಕೆಲಸಕ್ಕೆ ಬರುವುದು ತಪ್ಪುತ್ತದೆ. ಲೆಕ್ಕದಲ್ಲಿ ತಪ್ಪುಗಳು ಕಾಣತೊಡಗುತ್ತವೆ. ಮಾಲೀಕರ ಕಣ್ಣಿಗೆ ಬೀಳುವುದು ಆ ಕೊನೆಯ ಹಂತ ಮಾತ್ರ. ಉತ್ತಮ ನೆರವು ಯೋಜನೆಯಲ್ಲಿ ಮನಸ್ಸಿನ ಕಳವಳಕ್ಕೆ ಸಮಾಲೋಚನೆಯ ಜೊತೆಗೆ ಸಾಲದ ನಿರ್ವಹಣೆಗೆ, ಕಾನೂನಿನ ತೊಡಕಿಗೆ ಸಲಹೆಯೂ ಸಿಗುತ್ತದೆ. ಈ ಭಾಗದ ನೌಕರನಿಗೆ ಬಹುಶಃ ಮೊದಲು ಬೇಕಾದದ್ದು ಅದೇ.

ಹೀಗಿದ್ದರೂ ಸೇವೆ ಒದಗಿಸಿದ ಮಾತ್ರಕ್ಕೆ ನೌಕರ ಅದನ್ನು ಬಳಸುತ್ತಾನೆಂದಲ್ಲ. ಅವನನ್ನು ತಡೆಯುವುದು ಹೆಸರು ಹೊರಬೀಳುವ ಭಯ. ತಾಲ್ಲೂಕು ಕೇಂದ್ರದಲ್ಲಿ ಮಾಲೀಕರು, ಗುಮಾಸ್ತರು, ಔಷಧಿ ಅಂಗಡಿಯವರು, ಬಸ್ಸಿನ ಕಂಡಕ್ಟರು ಎಲ್ಲರೂ ಪರಿಚಿತರೇ. ‘ತಲೆ ಸರಿಯಿಲ್ಲ’ ಎಂಬ ಒಂದು ಮಾತು ಹಬ್ಬಿದರೆ ಬಡ್ತಿ ಹಾಗಿರಲಿ, ಮಗಳ ಸಂಬಂಧವೇ ಮುರಿಯಬಹುದು. ಆದ್ದರಿಂದ ಗೋಪ್ಯತೆಯನ್ನು ಕರಪತ್ರದಲ್ಲಿ ಮುದ್ರಿಸಿದರೆ ಸಾಲದು. ಅದು ಉಳಿಯುವುದೂ ಅಳಿಯುವುದೂ ಹೆಚ್ಚಾಗಿ ಲೆಕ್ಕಪತ್ರ ವಿಭಾಗದಲ್ಲಿ.

ನಲವತ್ತು ಮಂದಿ ದುಡಿಯುವ ಅಕ್ಕಿ ಗಿರಣಿಯೊಂದನ್ನು ಊಹಿಸಿಕೊಳ್ಳೋಣ. ಸಮಾಲೋಚನಾ ಸಂಸ್ಥೆ ಭೇಟಿಯೊಂದಕ್ಕೆ ಇಷ್ಟು ಎಂದು ಬಿಲ್ಲು ಕಳುಹಿಸುತ್ತದೆ. ಭೇಟಿಗಳು ಮೂರು, ಮೂರೂ ಶನಿವಾರ ಮಧ್ಯಾಹ್ನ. ಬಿಲ್ಲಿನಲ್ಲಿ ಹೆಸರಿಲ್ಲ. ಆದರೆ ಗುಮಾಸ್ತರು ಹಾಜರಿ ಪುಸ್ತಕ ತೆರೆದು ಆ ಮೂರು ಶನಿವಾರ ಅರ್ಧ ದಿನ ರಜೆ ಹಾಕಿದವರು ಯಾರೆಂದು ನೋಡಿದರೆ ಸಾಕು, ಸಂಜೆಯ ಚಹಾ ಹೊತ್ತಿಗೆ ವಿಷಯ ಗೇಟಿನಾಚೆ ದಾಟಿರುತ್ತದೆ. ಇದಕ್ಕೆ ಪರಿಹಾರ ಸರಳ. ಭೇಟಿಯ ಲೆಕ್ಕದ ಬದಲು ಒಟ್ಟು ನೌಕರರ ಸಂಖ್ಯೆಯ ಮೇಲೆ ವಾರ್ಷಿಕ ಶುಲ್ಕ ನಿಗದಿಪಡಿಸಬೇಕು. ಬಿಲ್ಲಿನಲ್ಲಿ ನೌಕರರ ಒಟ್ಟು ಸಂಖ್ಯೆ, ಅವಧಿ, ಮೊತ್ತ, ತೆರಿಗೆ ಇಷ್ಟೇ ಇರಬೇಕು. ರಜೆ ಅರ್ಜಿಯಲ್ಲಿ ‘ಸ್ವಂತ ಕೆಲಸ’ ಎಂಬ ಎರಡು ಪದಗಳಿಗಿಂತ ಹೆಚ್ಚಿನ ಕಾರಣ ಕೇಳಬಾರದು.

ಲೆಕ್ಕಪರಿಶೋಧಕರು ಪುರಾವೆ ಕೇಳುತ್ತಾರಲ್ಲ ಎಂಬ ಆಕ್ಷೇಪ ಬರಬಹುದು. ಕೇಳಬೇಕಾದದ್ದೇ. ಆದರೆ ಒಪ್ಪಂದ ಪತ್ರ, ಬಿಲ್ಲು, ಬ್ಯಾಂಕ್ ಮೂಲಕ ಆದ ಪಾವತಿ ಮತ್ತು ಸೇವೆ ಲಭ್ಯವಿತ್ತೆಂಬ ದೃಢೀಕರಣ, ಇವಿಷ್ಟು ವೆಚ್ಚವನ್ನು ಸಮರ್ಥಿಸಲು ಸಾಕು. ಯಾರು ಬಳಸಿದರೆಂಬ ಪಟ್ಟಿಯನ್ನು ವೋಚರಿಗೆ ಲಗತ್ತಿಸಬೇಕೆಂದು ಹಠ ಹಿಡಿಯುವ ಪರಿಶೋಧಕರು ಅಗ್ನಿವಿಮೆಯ ಕಂತಿಗೆ ಬೆಂಕಿ ಬಿದ್ದ ಫೋಟೋ ಕೇಳಿದಂತಾಗುತ್ತದೆ.

ವರ್ಷಾಂತ್ಯದ ವರದಿಯಲ್ಲಿಯೂ ಇದೇ ಎಚ್ಚರ ಬೇಕು. ಲೆಕ್ಕಪತ್ರ ವಿಭಾಗ, ಮಹಿಳೆ, ಒಬ್ಬರು, ಕೌಟುಂಬಿಕ ಸಮಸ್ಯೆ ಎಂದು ವರದಿ ಹೇಳಿದರೆ, ಆ ವಿಭಾಗದಲ್ಲಿರುವುದು ಒಬ್ಬರೇ ಮಹಿಳೆಯಾದಾಗ ಹೆಸರು ಬರೆದಂತೆಯೇ ಸರಿ. ಸಣ್ಣ ಸಂಸ್ಥೆಗಳಿಗೆ ವಿಭಾಗವಾರು ವರದಿಯ ಅಗತ್ಯವೇ ಇಲ್ಲ. ಹತ್ತಿಪ್ಪತ್ತು ಸಂಸ್ಥೆಗಳು ತಮ್ಮ ಸಂಘದ ಮೂಲಕ ಒಟ್ಟಾಗಿ ಒಂದೇ ಒಪ್ಪಂದ ಮಾಡಿಕೊಂಡರೆ ತಲಾ ವೆಚ್ಚವೂ ತಗ್ಗುತ್ತದೆ, ಐದಾರು ನೂರು ಮಂದಿಯ ನಡುವೆ ಒಬ್ಬರ ಗುರುತು ಮರೆಯಾಗಿಯೂ ಉಳಿಯುತ್ತದೆ. ವಾಣಿಜ್ಯ ಸಂಘಟನೆಗಳು ಕೈಗೆತ್ತಿಕೊಳ್ಳಬಹುದಾದ ಕೆಲಸವಿದು.

ಒಪ್ಪಂದದಲ್ಲಿ ಕಾನೂನಿನ ಅಂಶಗಳೂ ಸೇರಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ಮಾನಸಿಕ ಆರೋಗ್ಯದ ಚಿಕಿತ್ಸೆ ಪಡೆಯುವವರಿಗೆ ಗೋಪ್ಯತೆಯ ಹಕ್ಕು ನೀಡಿದೆ. ಜೀವಕ್ಕೆ ಅಪಾಯವಿದ್ದಾಗ, ಬೇರೆಯವರಿಗೆ ಹಾನಿಯಾಗುವ ಸಂಭವವಿದ್ದಾಗ, ನ್ಯಾಯಾಲಯದ ಆದೇಶವಿದ್ದಾಗ ಅದಕ್ಕೆ ವಿನಾಯಿತಿಗಳಿವೆ. ಈ ವಿನಾಯಿತಿಗಳನ್ನು ನೌಕರನಿಗೆ ಮೊದಲ ಭೇಟಿಯಲ್ಲೇ ಕನ್ನಡದಲ್ಲಿ ತಿಳಿಸಬೇಕು. ಎಲ್ಲವೂ ಗುಟ್ಟು ಎಂದು ಹೇಳಿ ಆಮೇಲೆ ಮಾತು ತಪ್ಪಿದರೆ ಎರಡನೆಯ ನೌಕರ ಆ ಬಾಗಿಲಿಗೆ ಬರಲಾರ. ಸಮಾಲೋಚಕರ ವಿದ್ಯಾರ್ಹತೆಯನ್ನೂ ವಿಚಾರಿಸಬೇಕು. ಕೆಲಸದಲ್ಲಿ ಲೋಪವಾದಾಗ ಮೇಲ್ವಿಚಾರಕರು ಸಮಾಲೋಚನೆಯನ್ನು ಸೂಚಿಸಬಹುದು, ಆದರೆ ಅಲ್ಲಿ ಆಡಿದ ಮಾತು ಇಲಾಖಾ ವಿಚಾರಣೆಯ ಕಡತಕ್ಕೆ ಬರಕೂಡದು.

ಗುರುಪುರದಲ್ಲಿ ಇನ್ನೊಂದು ತೊಡಕಿದೆ, ಅದು ಭಾಷೆಯದು. ಅಲ್ಲಿ ಕನ್ನಡಿಗರೂ ಟಿಬೆಟಿಯನ್ನರೂ ಒಂದೇ ಅಂಗಡಿಯಲ್ಲಿ ದುಡಿಯುವುದುಂಟು. ಟಿಬೆಟಿಯನ್ ಮನೆಮಾತಿನ ನೌಕರನ ಸಂಕಟವನ್ನು ಸಹೋದ್ಯೋಗಿಯೊಬ್ಬ ಅನುವಾದಿಸಿ ಹೇಳುವುದಾದರೆ ಅಲ್ಲಿ ಮೂರನೆಯ ಕಿವಿ ಸೇರಿದಂತಾಯಿತು. ಸೇವಾ ಸಂಸ್ಥೆಯ ಬಳಿ ಯಾವ ಭಾಷೆಗಳ ಸಮಾಲೋಚಕರಿದ್ದಾರೆ ಎಂಬುದನ್ನು ದರಕ್ಕಿಂತ ಮೊದಲು ಕೇಳುವುದು ಒಳಿತು. ಹುಣಸೂರಿನಲ್ಲೇ ಎದುರು ಕೂರುವುದಕ್ಕಿಂತ ಫೋನಿನ ಮೂಲಕ ಮಾತನಾಡುವುದನ್ನು ಇಲ್ಲಿಯ ನೌಕರರು ಇಷ್ಟಪಡುವ ಸಾಧ್ಯತೆಯೇ ಹೆಚ್ಚು. ಆದರೆ ಅದು ಕಚೇರಿಯ ದೂರವಾಣಿಯಾಗಿರಬಾರದು.

ಐದಾರು ಕೆಲಸಗಾರರಿರುವ ಅಂಗಡಿಗೆ ಒಪ್ಪಂದದ ವೆಚ್ಚ ಹೊರೆಯೇ. ಅಂತಹವರಿಗೆ ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಇದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಧಾನ ಕೇಂದ್ರ. 14416ಕ್ಕೆ ಕರೆ ಮಾಡಿದರೆ ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ. ಯಾರ ಹಾಜರಿ ಪುಸ್ತಕದಲ್ಲಿಯೂ ಹೆಸರಿಲ್ಲದ ತಂಬಾಕು ಬೆಳೆಗಾರನಿಗೆ, ಹರಾಜು ಕಟ್ಟೆಯ ಹಮಾಲಿಗೆ ಕೂಡ ಇದು ಮುಕ್ತ. ಈ ಸಂಖ್ಯೆಯನ್ನು ಸಂಬಳದ ಚೀಟಿಯ ಹಿಂಬದಿಯಲ್ಲಿ ಅಚ್ಚು ಹಾಕಿಸಬಹುದು. ಗೋಡೆಗೆ ಅಂಟಿಸುವುದಾದರೆ ಕ್ಯಾಷ್ ಕೌಂಟರಿನ ಕ್ಯಾಮರಾ ಕೆಳಗೆ ಬೇಡ. ಬರೆದುಕೊಳ್ಳುವವನನ್ನು ಯಾರೂ ನೋಡದಂತೆ, ಶೌಚಾಲಯದ ಬಾಗಿಲಿನ ಒಳಬದಿಗೆ ಅಂಟಿಸುವುದು ಲೇಸು.